ಶಿವಮೊಗ್ಗದಲ್ಲಿ ಮೈನಸ್ 40 ಡಿಗ್ರಿ: ಸೆನ್ಸರ್ ಹೋಗಿದೆ ಅಂತ ನಂಬಿ 20,300 ರೂಪಾಯಿ ಕಳ್ಕೊಂಡೆ

ಕಾರಿನ ಚೆಕ್ ಎಂಜಿನ್ ಲೈಟ್ ಹತ್ತಿ, ಗ್ಯಾರೇಜಿನವರು ಸ್ಕ್ಯಾನರ್ ಹಾಕಿ "ಕೂಲಂಟ್ ಟೆಂಪರೇಚರ್ ಸೆನ್ಸರ್ ಹೋಗಿದೆ ಸಾರ್" (ಎಂಜಿನ್ ತಂಪು ಮಾಡೋ ದ್ರವದ ಬಿಸಿ ಅಳೆಯೋ ಸೆನ್ಸರ್) ಅಂದ್ರೆ, ದುಡ್ಡು ತೆಗೆಯೋ ಮುಂಚೆ ಒಂದೇ ಒಂದು ಮಾತು ಕೇಳಿ: ವೈರ್ ನೋಡಿದ್ರಾ? ನಾನು ಕೇಳಲಿಲ್ಲ. 20,300 ರೂಪಾಯಿ ಹೋಯ್ತು, ಒಂದು ತಿಂಗಳು ಹೋಯ್ತು, ಮಾನವೂ ಹೋಯ್ತು. ಮಾನದ ಮಾತು ಯಾಕೆ ಅಂದ್ರೆ, ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡೋನು. ಆ ಸೆನ್ಸರ್ ಒಳಗಿರೋಂಥ ಥರ್ಮಿಸ್ಟರ್ ಬಿಸಿಯಾದ್ರೆ ಅದರ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡೋ ತಡೆ, ಇಳಿಯುತ್ತೆ ಅಂತ ವರ್ಷ ವರ್ಷ ಬೋರ್ಡ್ ಮೇಲೆ ಗ್ರಾಫ್ ಬರೆಯೋನು. ನನ್ನ ಹೆಂಡ್ತಿ ಇದನ್ನ ಈಗಾಗಲೇ ಮೂರು ಮನೆಗೆ ಹೇಳಿ ಆಗಿದೆ, ಹಾಗಾಗಿ ನಾನೇ ಬರೆದುಬಿಡೋದು ವಾಸಿ.

ನಮ್ಮದು 2014ರ ಪೆಟ್ರೋಲ್ ಕಾರು. ಜುಲೈನಲ್ಲಿ ತೀರ್ಥಹಳ್ಳಿಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ವಿ. ಮಂಡಗದ್ದೆ ದಾಟಿದ ಮೇಲೆ ಲೈಟ್ ಹತ್ತಿತು. ಗಾಡಿ ಓಡ್ತಾ ಇತ್ತು, ಆದ್ರೆ ರೇಡಿಯೇಟರ್ ಫ್ಯಾನ್ ನಿಲ್ತಾನೇ ಇಲ್ಲ. ಬೆಳಿಗ್ಗೆ ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿದ್ರೂ ಫ್ಯಾನ್ ಗುಂಯ್ ಅನ್ನೋದು. 17 ಕೊಡ್ತಿದ್ದ ಮೈಲೇಜ್ 13ಕ್ಕೆ ಬಂತು. ಭಾವಮೈದ "ನನಗೆ ಗೊತ್ತಿರೋ ಗ್ಯಾರೇಜ್ ಇದೆ ಭಾವ, ಕಣ್ಣು ಮುಚ್ಚಿ ಬಿಡಿ" ಅಂದ. ಕಣ್ಣು ಮುಚ್ಚಿಯೇ ಬಿಟ್ಟೆ.

ಅಲ್ಲಿ ಹುಡುಗ ಸ್ಕ್ಯಾನರ್ ಹಾಕಿದ. ಪಿ 0118 ಕೋಡ್. ಕೂಲಂಟ್ ಉಷ್ಣಾಂಶ ಮೈನಸ್ 40 ಡಿಗ್ರಿ! ನಾನು ನಗ್ತಾ "ಏನಪ್ಪಾ, ಶಿವಮೊಗ್ಗ ಲಡಾಖ್ ಆಯ್ತಾ" ಅಂದೆ. ಓನರ್ರೂ ನಕ್ಕರು, ಹುಡುಗನೂ ನಕ್ಕ. "ಅದಕ್ಕೇ ಹೇಳಿದ್ದು ಸಾರ್, ಸೆನ್ಸರ್ ಸತ್ತಿದೆ." ಕೋಡ್ ಕೆಳಗೆ ಸ್ಕ್ರೀನ್ ಮೇಲೆ ಏನು ಬರೆದಿತ್ತು ಗೊತ್ತಾ? "ಸರ್ಕ್ಯೂಟ್ ಹೈ" ಅಂತ. ಸರ್ಕ್ಯೂಟ್! ಸೆನ್ಸರ್ ಸತ್ತಿದೆ ಅಂತ ಎಲ್ಲೂ ಇರಲಿಲ್ಲ. ಅದನ್ನ ನಾನು ಓದಿದೆ. ಓದಿ ನಕ್ಕು ದುಡ್ಡು ಕೊಟ್ಟೆ.

ಈಗ ಶಾಂತವಾಗಿ ಯೋಚನೆ ಮಾಡಿದ್ರೆ ಎರಡನೇ ಪಿಯುಸಿ ಮಕ್ಕಳೂ ಹೇಳ್ತಾರೆ. ಆ ಸೆನ್ಸರಿಗೆ ಎರಡೇ ವೈರ್. ಎಂಜಿನ್ ಕಂಪ್ಯೂಟರ್, ಅಂದ್ರೆ ಇಸಿಎಂ, ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಒಂದು ವೈರಿಗೆ 5 ವೋಲ್ಟ್ ಕೊಡುತ್ತೆ. ಇನ್ನೊಂದು ವಾಪಸ್ ಬರೋ ಅರ್ತ್. ಎಂಜಿನ್ ತಣ್ಣಗಿದ್ರೆ ವೋಲ್ಟೇಜ್ ಜಾಸ್ತಿ, ಬಿಸಿಯಾದ್ರೆ ಕಮ್ಮಿ. ದಾರಿಯಲ್ಲಿ ಎಲ್ಲಿ ಕಡಿದುಹೋದ್ರೂ ಪೂರ್ತಿ 5 ವೋಲ್ಟ್ ಹಾಗೇ ನಿಲ್ಲುತ್ತೆ, ಇಸಿಎಂ ಅದನ್ನ ವಿಪರೀತ ಚಳಿ ಅಂತ ಓದಿ ಮೈನಸ್ 40 ತೋರಿಸುತ್ತೆ. ಈ ಅಂಕಿ ನಂಬೋ ಹಾಗಿಲ್ಲ ಅಂತಲೂ ಅದಕ್ಕೆ ಗೊತ್ತಾಗಿ, ಎಂಜಿನ್ ಹೀಟ್ ಆಗದಿರಲಿ ಅಂತ ಫ್ಯಾನ್ ಓಡಿಸ್ತಾನೇ ಇರುತ್ತೆ. ಅಂದ್ರೆ ಮೈನಸ್ 40 ಹೇಳೋದು ಇಷ್ಟೇ, ಎಲ್ಲೋ ಕರೆಂಟ್ ಹರಿತಾ ಇಲ್ಲ. ಸೆನ್ಸರ್ ಒಳಗಿರಬಹುದು, ಸಾಕೆಟ್ ಇರಬಹುದು, ವೈರ್ ಇರಬಹುದು. ಸುಮ್ನೆ ಪಾರ್ಟ್ ಬದಲಾಯಿಸೋದು ಲಾಟರಿ ಟಿಕೆಟ್ ತಗೊಂಡ ಹಾಗೆ, ಅದೂ ನಮ್ಮ ದುಡ್ಡಲ್ಲಿ.

ಮೊದಲ ಸಲ ಸೆನ್ಸರ್ 1,950, ಕೂಲಿ 500. ಲೈಟ್ ಹೋಯ್ತು, ಫ್ಯಾನ್ ಸುಮ್ಮನಾಯ್ತು. ಎರಡು ದಿನ. ಮೂರನೇ ದಿನ ಮತ್ತೆ ಅದೇ ಲೈಟ್, ಅದೇ ಗುಂಯ್. "ಥರ್ಮೋಸ್ಟಾಟ್ ಹಿಡ್ಕೊಂಡಿದೆ ಸಾರ್, ಸೆನ್ಸರ್ ಹಾಕುವಾಗಲೇ ನನಗೆ ಡೌಟ್ ಇತ್ತು." ಥರ್ಮೋಸ್ಟಾಟ್ ಅಂದ್ರೆ ಬಿಸಿ ನೋಡಿ ಕೂಲಂಟ್ ಹರಿಯೋಕೆ ಬಿಡೋ ವಾಲ್ವ್. ಡೌಟ್ ಇದ್ರೆ ಆಗಲೇ ಹೇಳಬೇಕಲ್ವಾ? ಥರ್ಮೋಸ್ಟಾಟ್ 1,600, ಹೊಸ ಕೂಲಂಟ್ 950, ಕೂಲಿ 1,000. ನಾಲ್ಕು ದಿನ ಸರಿ. ಮತ್ತೆ ಅದೇ. ಫ್ಯಾನ್ ನಿಲ್ತಿಲ್ಲ ಅಂತ ಫೋನ್ ಮಾಡಿದ್ರೆ ಓನರ್ ಉತ್ತರ ಕೇಳಿ: "ಫ್ಯಾನ್ ಓಡಿದ್ರೆ ಎಂಜಿನ್‌ಗೆ ಒಳ್ಳೇದೇ ಸಾರ್, ಹೀಟ್ ಆಗಲ್ಲ."

ಆಮೇಲೆ ಬಂತು ದೊಡ್ಡ ಏಟು. "ಇಸಿಎಂ ಹೋಗಿದೆ ಸಾರ್. ಹೊಸದಾದ್ರೆ ತುಂಬಾ ಆಗುತ್ತೆ, ಬೆಂಗಳೂರಲ್ಲಿ ರಿಪೇರಿ ಮಾಡೋರು ಇದ್ದಾರೆ, ಕಳಿಸ್ತೀನಿ." ಗಾಡಿ ಮೂರು ದಿನ ಅಲ್ಲೇ. "ಇಸಿಎಂ ಬೆಂಗಳೂರಿಗೆ ಹೋಗಿದೆ ಸಾರ್, ನಾಳೆ ಬರುತ್ತೆ" ಅಂತ ವಾಟ್ಸಾಪ್ ಮೆಸೇಜ್ ಬೇರೆ. ಅದನ್ನ ನೆನಪಿಟ್ಕೊಳ್ಳಿ. ರಿಪೇರಿ 12,500, ಪ್ರೋಗ್ರಾಮಿಂಗ್ 1,800. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರಿಸ್ಬೇಕಾಗುತ್ತೆ ಸಾರ್, ನಮ್ಮ ನಮ್ಮಲ್ಲಿ ಯಾಕೆ?" ಒಂದು ಬಿಳಿ ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಮೊತ್ತ ಬರೆದುಕೊಟ್ರು. ಪೆನ್ಸಿಲ್!

ಐದು ದಿನಕ್ಕೆ ಲೈಟ್ ಮತ್ತೆ ಹತ್ತಿತು.

ಕೊನೆಗೆ ನಮ್ಮ ಕಾಲೇಜಿನ ಅಟೆಂಡರ್ ಒಬ್ಬ ವಯಸ್ಸಾದ ವೈರಿಂಗ್ ಮೇಸ್ತ್ರಿ ಹತ್ರ ಕರ್ಕೊಂಡು ಹೋದ. ಅಂಗಡಿ ಅಂದ್ರೆ ಒಂದು ತಗಡಿನ ಶೆಡ್, ಪಕ್ಕದಲ್ಲಿ ಟೀ ಅಂಗಡಿ. ಮೇಸ್ತ್ರಿ ಮೊಬೈಲ್‌ಗೆ ಕನೆಕ್ಟ್ ಆಗೋ ಸಣ್ಣ ಸ್ಕ್ಯಾನರ್ ಹಾಕಿ, ಸೆನ್ಸರ್ ಸಾಕೆಟ್ ಕಿತ್ತರು. ಮೈನಸ್ 40. "ಇದು ಸರಿ, ಕಿತ್ತಾಗ ಹಾಗೇ ತೋರಿಸ್ಬೇಕು." ಸಾಕೆಟ್ಟಿನ ಎರಡೂ ಪಿನ್ನಿಗೆ ಒಂದು ವೈರಿನ ತುಂಡು ಚುಚ್ಚಿ ಸೇರಿಸಿದ್ರು. ವೈರಿಂಗ್ ಚೆನ್ನಾಗಿದ್ರೆ ಆಗ ಉಷ್ಣಾಂಶ ಒಂದೇ ಸಲ ನೂರರ ಮೇಲೆ ಹಾರಬೇಕಂತೆ. ಹಾರಲಿಲ್ಲ. ಮೈನಸ್ 40. ಸೆನ್ಸರೇ ಅಲ್ಲಿಲ್ಲ, ಆದ್ರೂ ಮೈನಸ್ 40. "ಮೇಷ್ಟ್ರೇ, ಇದರಲ್ಲಿ ಸೆನ್ಸರ್ ತಪ್ಪು ಎಲ್ಲಿ ಬಂತು?" ಅಂದ್ರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆಮೇಲೆ 5 ವೋಲ್ಟ್ ಬರೋ ಪಿನ್ನನ್ನ ಮಾತ್ರ ವೈರಿನಿಂದ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿದ್ರು. ಟಕ್ ಅಂತ 140ಕ್ಕೆ ಹಾರಿತು! ಅಂದ್ರೆ 5 ವೋಲ್ಟ್ ವೈರ್ ಸರಿ ಇದೆ, ಇಸಿಎಂ ಸರಿಯಾಗಿ ಓದ್ತಿದೆ, ವಾಪಸ್ ಹೋಗೋ ಅರ್ತ್ ಕಡಿದಿದೆ. ಅದೇ ಅರ್ತ್ ಬೇರೆ ಸೆನ್ಸರ್‌ಗಳಿಗೂ ಹೋಗುತ್ತೆ, ಅವೆಲ್ಲ ಚೆನ್ನಾಗಿದ್ವು, ಈ ಕವಲು ಮಾತ್ರ ಹೋಗಿತ್ತು. ಮೇಸ್ತ್ರಿ ಆ ವೈರನ್ನ ಬೆರಳಲ್ಲಿ ಹಿಡಿದು ಇಷ್ಟಿಷ್ಟೇ ಎಳೆದು ನೋಡ್ತಾ ಬಂದ್ರು. ಒಂದು ಕಡೆ ವೈರ್ ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ತುಂಡಾಗಿದ್ರೆ ಹಾಗೆ ಹಿಗ್ಗುತ್ತಂತೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಸರಿ ಇರುತ್ತೆ. ಸೀಳಿದ್ರೆ ಹಸಿರು ಕಿಲುಬು. ಗ್ಯಾರೇಜಿನವರು ಪ್ರತಿ ಸಲ ಕೈ ಹಾಕಿದಾಗ ವೈರ್ ಅಲುಗಾಡಿ ತುದಿ ತುದಿ ತಾಗ್ತಿತ್ತು, ಎರಡರಿಂದ ಐದು ದಿನ ಗಾಡಿ ಸರಿ ಇರ್ತಿತ್ತು, ಅವರ ರಿಪೇರಿ ಫಲ ಕೊಟ್ಟ ಹಾಗೆ ಕಾಣ್ತಿತ್ತು.

ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಡಿಕ್ಕಿಯಲ್ಲಿ ಹಳೆ ಸೆನ್ಸರ್ ಕವರಿನಲ್ಲಿ ಇತ್ತು. ಮೇಸ್ತ್ರಿ ಮಲ್ಟಿಮೀಟರ್ ಹಿಡಿದ್ರು, ರೆಸಿಸ್ಟೆನ್ಸ್ ಎರಡು ಕಿಲೋ ಓಮ್, ಅಂದ್ರೆ 2,000 ಓಮ್ ಹತ್ತಿರ. ಟೀ ಅಂಗಡಿಯಿಂದ ಒಂದು ಲೋಟ ಕುದಿನೀರು ತರಿಸಿ ಅದರಲ್ಲಿ ಸೆನ್ಸರಿನ ತುದಿ ಅದ್ದಿದ್ರು. ಅಂಕಿ ಇಳೀತಾ ಇಳೀತಾ 400 ಓಮ್ ಹತ್ತಿರ ಬಂದು ನಿಂತಿತು. ನಾನು ಬೋರ್ಡ್ ಮೇಲೆ ಬರೆಯೋ ಅದೇ ಗ್ರಾಫ್, ಟೀ ಲೋಟದೊಳಗೆ. ಸತ್ತ ಸೆನ್ಸರ್ ಆರೋಗ್ಯವಾಗಿತ್ತು. ಆಮೇಲೆ ಇಸಿಎಂ ಬೋಲ್ಟ್‌ಗಳನ್ನ ತೋರಿಸಿದ್ರು. ವರ್ಷಗಳ ಕೆಸರು ಹೆಪ್ಪುಗಟ್ಟಿ ಕೂತಿದೆ, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಬೆಂಗಳೂರಿಗೆ ಹೋಗಿಬಂದ ಇಸಿಎಂ ಇದು!

ಬೆಸುಗೆ ಹಾಕಿ, ಸ್ಲೀವ್ ಹಾಕಿ, 350 ರೂಪಾಯಿ ತಗೊಂಡ್ರು. ಎರಡು ತಿಂಗಳಾಯ್ತು, ಲೈಟ್ ಇಲ್ಲ, ಫ್ಯಾನ್ ಬೇಕಾದಾಗ ಮಾತ್ರ ಓಡುತ್ತೆ.

ಬೋಲ್ಟ್‌ಗಳ ಫೋಟೋ ತೆಗೆದು ಗ್ಯಾರೇಜ್ ಓನರ್‌ಗೆ ಕಳಿಸಿದೆ. ಮೊದಲ ಉತ್ತರ: "ವೈರ್ ಆಮೇಲೆ ಕಟ್ ಆಗಿರಬೇಕು ಸಾರ್, ಇಲಿ ಇರಬಹುದು." ಇಲಿ ಪ್ಲಾಸ್ಟಿಕ್ ಮುಟ್ಟದೆ ಒಳಗಿನ ತಾಮ್ರ ಮಾತ್ರ ತಿಂತಾ? ಎರಡನೇದು: "ಸಾಫ್ಟ್‌ವೇರ್ ರಿಪೇರಿ ಮಾಡಿದ್ದು ಸಾರ್, ಬಿಚ್ಚೋ ಅಗತ್ಯ ಇರಲ್ಲ." ಹಾಗಾದ್ರೆ ಬೆಂಗಳೂರಿಗೆ ಹೋಗಿದ್ದು ಏನು ಅಂತ ಅವರದೇ ಹಳೆ ಮೆಸೇಜ್ ವಾಪಸ್ ಕಳಿಸಿದೆ. ಮೂರನೇದು: "ನೀವು ಬೇರೆ ಕಡೆ ಕೈ ಹಾಕಿಸಿದ್ದೀರ, ಇನ್ನು ನಮ್ಮ ಜವಾಬ್ದಾರಿ ಇಲ್ಲ. ಎಲೆಕ್ಟ್ರಿಕಲ್‌ಗೆ ವಾಪಸ್ ಇಲ್ಲ." ಸಾರ್ ಅನ್ನೋದೂ ಹೋಯ್ತು.

ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದ್ಕೊಂಡೆ, 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಆದ್ರೆ ನನ್ನ ಕೈಲಿರೋದು ಪೆನ್ಸಿಲ್ ಚೀಟಿ. ಜಿಎಸ್‌ಟಿ ಉಳಿಸಿದ ಜಾಣ ನಾನು. ನೀವು ಬಿಲ್ ತಗೊಳ್ಳಿ, ಹಳೆ ಪಾರ್ಟ್ ಬಿಡದೇ ವಾಪಸ್ ತಗೊಳ್ಳಿ. ಸೆನ್ಸರ್ ಬದಲಾಯಿಸೋ ಮುಂಚೆ ಸಾಕೆಟ್ ಕಿತ್ತು ಆ ವೈರ್ ತುಂಡಿನ ಪರೀಕ್ಷೆ ನಿಮ್ಮ ಕಣ್ಣೆದುರು ಮಾಡಿಸಿ, ಐದು ನಿಮಿಷದ ಕೆಲಸ. ನೀವೇ ಮಾಡೋಕೆ ಹೋದ್ರೆ ಆ ವೈರಿಗೆ ಬ್ಯಾಟರಿಯ 12 ವೋಲ್ಟ್ ಮಾತ್ರ ಮುಟ್ಟಿಸಬೇಡಿ, ಆಗ ಇಸಿಎಂ ನಿಜವಾಗಿ ಹೋಗಬಹುದು. ಕೆಲವು ಕಾರುಗಳಲ್ಲಿ ವೈರ್ ಕಡಿದ್ರೂ ಇಸಿಎಂ ತಾನೇ ಒಂದು ಅಂಕಿ ಊಹಿಸಿ ತೋರಿಸುತ್ತೆ, ಅಲ್ಲಿ ಮಲ್ಟಿಮೀಟರ್ ಹಿಡಿದೇ ನೋಡಬೇಕು.

ಗ್ಯಾರೇಜ್ ಹೆಸರು ಇಲ್ಲಿ ಬರೀತಿಲ್ಲ, ಭಾವಮೈದನ ಮುಖ ನೋಡಿ ಸುಮ್ಮನಿದ್ದೀನಿ. ಬರೋ ಶನಿವಾರ ಅವನನ್ನೂ ಕರ್ಕೊಂಡು ಹೋಗಿ ಇಸಿಎಂ ದುಡ್ಡಾದ್ರೂ ವಾಪಸ್ ಕೇಳ್ತೀನಿ. ಅವನು ಫೋನ್ ಎತ್ತಿದ್ರೆ.