ಲಾಕ್‌ಹಾರ್ಟ್: ಹೆಸರು ಬಾರ್ಬೆಕ್ಯೂಗೆ, ಅಂಕ ಕೋರ್ಟ್ ಚೌಕಕ್ಕೆ

ಟೆಕ್ಸಸ್‌ನ 254 ಕೌಂಟಿಗಳಲ್ಲಿ ಕಾಲ್ಡ್‌ವೆಲ್ ಒಂದು. ಅದರ ಕೇಂದ್ರ ಲಾಕ್‌ಹಾರ್ಟ್, ಆಸ್ಟಿನ್‌ನಿಂದ ದಕ್ಷಿಣಕ್ಕೆ ಸುಮಾರು 48 ಕಿಲೋಮೀಟರ್. ಪದವಿ ಜಿಲ್ಲಾ ಕೇಂದ್ರದ್ದು, ಗಾತ್ರ ನಮ್ಮ ತಾಲ್ಲೂಕು ಪಟ್ಟಣದ್ದು. 1999ರಲ್ಲಿ ರಾಜ್ಯದ ಶಾಸನಸಭೆಯೇ ಇದನ್ನು ಟೆಕ್ಸಸ್‌ನ ಬಾರ್ಬೆಕ್ಯೂ (ಸೌದೆಯ ಬೆಂಕಿ, ಹೊಗೆಯಲ್ಲಿ ಬೇಯಿಸಿದ ಮಾಂಸ) ರಾಜಧಾನಿ ಎಂದು ಘೋಷಿಸಿತು. ಅಂದಿನಿಂದ ಆಸ್ಟಿನ್ ಕಡೆಯಿಂದ ಬರುವವರಲ್ಲಿ ಬಹಳ ಮಂದಿ ಮಾಂಸ ತಿಂದು, ಕಾರು ಹತ್ತಿ ಹೊರಟುಬಿಡುತ್ತಾರೆ. ಊರಿನ ಅರ್ಧ ಭಾಗ ನೋಡದೆ ಉಳಿಯುತ್ತದೆ.

ಮೊದಲು ಕೋರ್ಟ್‌ಹೌಸ್. 1894ರಲ್ಲಿ ಮುಗಿದ ಈ ಕಟ್ಟಡಕ್ಕೆ ತಿಳಿಬಣ್ಣದ ಸುಣ್ಣಕಲ್ಲು, ಅಂಚುಗಳಿಗೆ ಕೆಂಪು ಮರಳುಗಲ್ಲು. ನಡುವೆ ಗಡಿಯಾರದ ಗೋಪುರ. ಇಲ್ಲಿ ಕೌಂಟಿಯ ಕೆಲಸ ಇಂದಿಗೂ ನಡೆಯುವುದರಿಂದ ಒಳಗೆ ಕಾಲಿಡಬೇಕಾದರೆ ಕಚೇರಿ ದಿನವೇ ಬೇಕು. ಶನಿವಾರ ಹೋದವರಿಗೆ ಹೊರಗಿನ ನೋಟ ಮಾತ್ರ. ಫೋಟೊಗೆ ಸಂಜೆಯ ಇಳಿಬಿಸಿಲು ಒಳ್ಳೆಯದು, ಕೆಂಪು ಕಲ್ಲಿನ ಬಣ್ಣ ಆಗ ಎದ್ದು ಕಾಣುತ್ತದೆ. ಸುತ್ತಲಿನ ಬೀದಿಗಳಲ್ಲೇ ಕಾರು ನಿಲ್ಲಿಸಬಹುದು; ಸಮಯಮಿತಿಯ ಫಲಕ ಇದೆಯೇ ಎಂದೊಮ್ಮೆ ಕಣ್ಣಾಡಿಸಿ.

ಚೌಕದಿಂದ ಒಂದೆರಡು ನಿಮಿಷ ನಡೆದರೆ ಡಾ. ಯೂಜೀನ್ ಕ್ಲಾರ್ಕ್ ಗ್ರಂಥಾಲಯ. ಊರಿನಲ್ಲಿ ವೈದ್ಯರಾಗಿದ್ದ ಕ್ಲಾರ್ಕ್ ಉಯಿಲಿನಲ್ಲಿ ಬಿಟ್ಟುಹೋದ 10,000 ಡಾಲರ್‌ನಿಂದ 1899ರಲ್ಲಿ ಎದ್ದ ಇಟ್ಟಿಗೆ ಕಟ್ಟಡ. ಮಾದರಿ ಇಟಲಿಯ ವಿಲ್ಲಾ ರೋಟಂಡಾ ಎಂಬ ಹಳೆಯ ಬಂಗಲೆ. ಒಳಗೆ ಬಣ್ಣದ ಗಾಜು, ಮೇಲೆ ಗ್ಯಾಲರಿ, ಒಂದು ಬದಿಗೆ ವೇದಿಕೆ. ಟೆಕ್ಸಸ್‌ನಲ್ಲಿ ಇಂದಿಗೂ ನಡೆಯುತ್ತಿರುವ ಗ್ರಂಥಾಲಯಗಳಲ್ಲಿ ಇದೇ ಅತಿ ಹಳೆಯದೆಂದು ಊರವರ ಹೆಮ್ಮೆ. ಮಕ್ಕಳು ಪುಸ್ತಕ ಎರವಲು ಪಡೆಯುವ ಜಾಗ ಇದು, ಪ್ರದರ್ಶನಕ್ಕಿಟ್ಟ ಕಟ್ಟಡವಲ್ಲ. ದನಿ ತಗ್ಗಿಸಿ ನೋಡಿ ಬಂದರೆ ಯಾರೂ ತಡೆಯುವುದಿಲ್ಲ. ಇಡೀ ಊರಿನಲ್ಲಿ ಒಂದೇ ಒಂದು ಕಟ್ಟಡದ ಒಳಗೆ ಹೋಗಲು ಸಮಯವಿದ್ದರೆ, ಅದು ಇದೇ ಆಗಲಿ.

1908ರ ಹಳೆಯ ಜೈಲು ಈಗ ಕೌಂಟಿಯ ಮ್ಯೂಸಿಯಂ. ಕೋಟೆಯಂತೆ ಕಾಣುವ ಕೆಂಪು ಇಟ್ಟಿಗೆಯ ಕಟ್ಟಡ. ದಿನವೂ ತೆರೆಯುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳುವುದೇ ಸರಿ.

ಇನ್ನು ಊಟ. ಹೆಸರಾದ ಅಂಗಡಿಗಳು ಮೂರು: 1900ರ ಕ್ರೈಟ್ಸ್ ಮಾರ್ಕೆಟ್, 1932ರ ಬ್ಲ್ಯಾಕ್ಸ್, ಮತ್ತು ಸ್ಮಿಟೀಸ್. ಕ್ರೈಟ್ಸ್ ನಡೆಸುತ್ತಿದ್ದ ಮನೆತನದಲ್ಲಿ ವ್ಯಾಪಾರ ಒಬ್ಬರ ಪಾಲಿಗೆ, ಕಟ್ಟಡ ಇನ್ನೊಬ್ಬರ ಪಾಲಿಗೆ ಬಂತು. ಬಾಡಿಗೆಯ ಜಗಳ ಬಗೆಹರಿಯದೆ 1999ರಲ್ಲಿ ಕ್ರೈಟ್ಸ್ ಹೆಸರು ಹೊಸ ಜಾಗಕ್ಕೆ ಹೋಯಿತು, ಹಳೆಯ ಒಲೆಯ ಕೆಂಡವನ್ನೂ ಬೀದಿಯಲ್ಲೇ ಎಳೆದೊಯ್ದರು. ಹಳೆಯ ಕಟ್ಟಡವೇ ಇಂದಿನ ಸ್ಮಿಟೀಸ್. ಪಾಲು ಪಂಚಾಯ್ತಿ ಕಂಡ ನಮಗೇನೂ ಹೊಸತಲ್ಲ ಬಿಡಿ.

ವಾತಾವರಣಕ್ಕೆ ಸ್ಮಿಟೀಸ್‌ಗೆ ಸಾಟಿಯಿಲ್ಲ. ಸಾಲು ನಿಲ್ಲುವಲ್ಲೇ ನೆಲಮಟ್ಟದಲ್ಲಿ ಪೋಸ್ಟ್ ಓಕ್ ಸೌದೆಯ ಬೆಂಕಿ ಉರಿಯುತ್ತಿರುತ್ತದೆ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಆಗಸ್ಟ್‌ನಲ್ಲಿ ಅಲ್ಲಿ ನಿಲ್ಲುವುದು ಶಿಕ್ಷೆ, ಬಟ್ಟೆಗೆ ಹತ್ತಿದ ಹೊಗೆ ಒಗೆದ ಮೇಲೇ ಹೋಗುವುದು. ಮಾಂಸ ತೂಕದ ಲೆಕ್ಕ. ದೊಡ್ಡವರಿಗೆ ತಲಾ ಅರ್ಧ ಪೌಂಡ್, ಅಂದರೆ ಸುಮಾರು 225 ಗ್ರಾಂ ಸಾಕು. ದಪ್ಪ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಪಲ್ಯ, ಪಾನೀಯಕ್ಕೆ ಬೇರೆ ಕೌಂಟರ್, ಅಲ್ಲಿ ಮತ್ತೆ ಹಣ ಕೊಡಬೇಕು. ಕ್ರೈಟ್ಸ್ ಸಾಸ್ ಇಲ್ಲ, ಫೋರ್ಕ್ ಇಲ್ಲ ಎಂಬ ಹಠಕ್ಕೆ ಹೆಸರಾದದ್ದು. ಸಾಸ್ ವಿಷಯದಲ್ಲಿ ಆ ಹಠ ಈಗ ಸಡಿಲಾಗಿದೆ.

ಗೋಮಾಂಸ ತಿನ್ನದವರು ಎಡವುವುದು ಸಾಸೇಜ್‌ನಲ್ಲಿ. ನೋಡಲು ಹಂದಿಮಾಂಸದ್ದೆನಿಸಿದರೂ ಇಲ್ಲಿನ ಸಾಸೇಜ್‌ನಲ್ಲಿ ಹೆಚ್ಚಿನ ಪಾಲು ದನದ್ದೇ. ಅಂಥವರಿಗೆ ಬ್ಲ್ಯಾಕ್ಸ್‌ನ ಟರ್ಕಿ ಕೋಳಿ ಸುರಕ್ಷಿತ. ಸಸ್ಯಾಹಾರಿಗಳು ಬೀನ್ಸ್ ತಟ್ಟೆಗೆ ಹಾಕಿಸಿಕೊಳ್ಳುವ ಮೊದಲು ಕೇಳಿ. ಮಾಂಸದ ತುಂಡೋ ಕೊಬ್ಬೋ ಬಿದ್ದಿರುವುದು ಸಾಮಾನ್ಯ. ಬ್ರೆಡ್ಡು, ಉಪ್ಪಿನಕಾಯಿ, ಈರುಳ್ಳಿಯಲ್ಲಿ ಊಟ ಮುಗಿಸುವ ಬದಲು ಬುತ್ತಿ ಕಟ್ಟಿಕೊಂಡು ಲಾಕ್‌ಹಾರ್ಟ್ ಸ್ಟೇಟ್ ಪಾರ್ಕ್‌ಗೆ ಹೋಗುವುದು ಲೇಸು. ತೊರೆಯ ಪಕ್ಕದ ಪಿಕ್ನಿಕ್ ಜಾಗ, ಜೊತೆಗೆ 9 ಕುಳಿಗಳ ಗಾಲ್ಫ್ ಮೈದಾನ.

ಯಾವ ದಿನ ಹೋಗಬೇಕೆಂದರೆ, ತಿಂಗಳ ಮೊದಲ ಶುಕ್ರವಾರ. ಹಗಲು ಕೋರ್ಟ್‌ಹೌಸ್ ತೆರೆದಿರುತ್ತದೆ, ಸಂಜೆ ಚೌಕದ ಅಂಗಡಿಗಳು ತಡವಾಗಿ ಮುಚ್ಚುತ್ತವೆ, ಸಂಗೀತವೂ ಇರುತ್ತದೆ. ಹಳೆಯ ಬೇಕರ್ ಚಿತ್ರಮಂದಿರದಲ್ಲಿ ಊರವರದೇ ಹವ್ಯಾಸಿ ನಾಟಕ ತಂಡವಿದೆ. ಅಂದು ಪ್ರದರ್ಶನ ಇದ್ದರೆ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಒಂದು ತೊಂದರೆ: ಮಾಂಸದ ಒಳ್ಳೆಯ ತುಂಡುಗಳು ಸಂಜೆಗೆ ಖಾಲಿ. ಮಧ್ಯಾಹ್ನವೇ ಉಂಡು ಚೌಕಕ್ಕೆ ಹೋಗಿ.

ವಾಪಸು ಬರಲು ದಾರಿ ಎರಡು. 183ನೇ ಹೆದ್ದಾರಿಗೆ ಟೋಲ್ ಇಲ್ಲ. 130ನೇ ಟೋಲ್ ರಸ್ತೆಯ ಲಾಕ್‌ಹಾರ್ಟ್ ಕಡೆಯ ಭಾಗದಲ್ಲಿ ಗಂಟೆಗೆ 85 ಮೈಲಿ, ಅಮೆರಿಕದಲ್ಲೇ ಅತಿ ಹೆಚ್ಚಿನ ವೇಗಮಿತಿ. ನಗದು ತೆಗೆದುಕೊಳ್ಳುವ ಬೂತ್ ಇಲ್ಲ. ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಬಿಲ್ ಮನೆಗೆ ಬರುತ್ತದೆ. ರಸ್ತೆಯ ಈ ಭಾಗ ತೆರೆದ 2012ರಲ್ಲೇ ಕಾಡುಹಂದಿಗಳಿಗೆ ಕಾರುಗಳು ಡಿಕ್ಕಿ ಹೊಡೆದು ಸುದ್ದಿಯಾಗಿದ್ದವು, ಕತ್ತಲಾದ ಮೇಲೆ ಹೊರಟರೆ 85ರ ಆಸೆ ಬೇಡ.

ಚೌಕ ಮತ್ತು ಗ್ರಂಥಾಲಯಕ್ಕೆ 5ಕ್ಕೆ 5, ಮಾಂಸಾಹಾರಕ್ಕೆ 4, ಸಸ್ಯಾಹಾರಿಗಳ ಊಟಕ್ಕೆ 1.