ಅಲ್ಟ್ರಾ, ಅಪ್‌ಸ್ಕೇಲಿಂಗ್, ಕೈಯಾರೆ ಹೊಂದಿಸಿದ ಸೆಟ್ಟಿಂಗ್: ಮೂರನ್ನೂ ಆಡಿ ನೋಡಿದ ಮೇಲೆ

ಕಂಪ್ಯೂಟರ್ ಆಟಗಳ ಗ್ರಾಫಿಕ್ಸ್ ಹೇಗೆ ಇಟ್ಟುಕೊಳ್ಳಬೇಕು ಎಂಬ ವಿಷಯ ಇದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕೈಯಾರೆ ಹೊಂದಿಸಿದ ಸೆಟ್ಟಿಂಗ್‌ಗೆ. ಟೆಕ್ಸ್ಚರ್ (ಗೋಡೆ, ಮುಖಗಳ ಮೇಲೆ ಹೊದಿಸುವ ಚಿತ್ರ) ಹೈ, ನೆರಳು ಮೀಡಿಯಂ, ಮಂಜು ಮತ್ತು ಮೋಡ ಮೀಡಿಯಂ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬರೆಯುವುದು) ಆಫ್, ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) 72ಕ್ಕೆ ಲಾಕ್. ಒಂದೂವರೆ ತಿಂಗಳಿಂದ ಇದರಲ್ಲೇ ಆಡುತ್ತಿದ್ದೇನೆ. ಅದಕ್ಕೂ ಮೊದಲು ಇನ್ನೆರಡು ದಾರಿ ಹಿಡಿದು ನೋಡಿದ್ದೆ. ಒಂದು, ಎಲ್ಲವನ್ನೂ ಅತಿ ಮೇಲಿನ ಮೆಟ್ಟಿಲಾದ ಅಲ್ಟ್ರಾಗೆ ಏರಿಸಿ ಆಡುವುದು. ಇನ್ನೊಂದು, ಅಲ್ಟ್ರಾದಲ್ಲೇ ಇಟ್ಟು ಅಪ್‌ಸ್ಕೇಲಿಂಗ್ ಹಾಕಿಕೊಳ್ಳುವುದು.

ಗ್ರಾಫಿಕ್ಸ್ ಕಾರ್ಡ್ ಹೊಸದು, 8 ಜಿಬಿ ಮೆಮೊರಿಯದು. ಮಾನಿಟರ್ 1440ಪಿ (ಎತ್ತರಕ್ಕೆ 1440 ಸಾಲು ಪಿಕ್ಸೆಲ್), 144 ಹರ್ಟ್ಸ್ (ಪರದೆ ಸೆಕೆಂಡಿಗೆ 144 ಸಲ ಹೊಸದಾಗುತ್ತದೆ). ನಾನು ಆಡುವುದು ಹೆಚ್ಚಾಗಿ ಒಬ್ಬರೇ ಆಡುವಂಥ ಓಪನ್ ವರ್ಲ್ಡ್ (ಎಲ್ಲಿ ಬೇಕಾದರೂ ಸುತ್ತಾಡಬಹುದಾದ) ಆಟಗಳು, ಅದೂ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದೆರಡು ಗಂಟೆ. ನನ್ನ ತೀರ್ಮಾನ ಈ ಅಭ್ಯಾಸಕ್ಕೆ ತಕ್ಕಂತೆ ಇದೆ. ಅದನ್ನು ನೆನಪಿಟ್ಟುಕೊಂಡು ಓದಿ.

ಅಲ್ಟ್ರಾದಿಂದ ಶುರು ಮಾಡುತ್ತೇನೆ, ಯಾಕಂದ್ರೆ ನನ್ನನ್ನು ಕಾಡಿದ್ದು ಅದೇ. ಹೊಸ ಕಾರ್ಡ್ ಬಂದ ದಿನ ಯಾರಾದರೂ ಮಾಡುವುದು ಅದನ್ನೇ ಅಲ್ವಾ? ಎಲ್ಲವನ್ನೂ ಕೊನೆಯ ಮೆಟ್ಟಿಲಿಗೆ ಏರಿಸಿ ಆಟ ತೆರೆದೆ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ) 70ರ ಆಸುಪಾಸು ತೋರಿಸುತ್ತಿತ್ತು. ಖುಷಿಯಾಯಿತು. ಅರ್ಧ ಗಂಟೆ ಕಳೆದ ಮೇಲೆ ಸಂತೆಯ ಬೀದಿಗೆ ತಿರುಗಿದೆ ನೋಡಿ, ಆಟ ಗಕ್ಕನೆ ನಿಂತು ಮತ್ತೆ ಹೊರಟಿತು. ಮುಂದಿನ ತಿರುವಿನಲ್ಲೂ ಹಾಗೇ. ಬ್ರೇಕ್ ಒತ್ತಿ ಒತ್ತಿ ಬಿಡುವ ಬಸ್ಸಿನಲ್ಲಿ ನಿಂತ ಹಾಗೆ. ಮೂಲೆಯ ಅಂಕಿ ಮಾತ್ರ 65ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಅಂಕಿ ಸುಳ್ಳು ಹೇಳುತ್ತಿರಲಿಲ್ಲ. ಅದು ಸರಾಸರಿ, ಅಷ್ಟೆ. ಒಂದು ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್. ಒಂದೊಂದು ಫ್ರೇಮ್ 14 ಮಿಲಿಸೆಕೆಂಡಿನಲ್ಲಿ ಬರುತ್ತಿದೆ ಅಂದುಕೊಳ್ಳಿ, ಸೆಕೆಂಡಿಗೆ 71 ಆಗುತ್ತದೆ. ಅದರ ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೂ ಆ ಸೆಕೆಂಡಿನ ಲೆಕ್ಕ 65ಕ್ಕೆ ಬಂದು ನಿಲ್ಲುತ್ತದೆ. 71ಕ್ಕೂ 65ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಆ 100 ಮಿಲಿಸೆಕೆಂಡಿನ ತಡೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಅಂದಿನಿಂದ ಸರಾಸರಿ ನೋಡುವುದನ್ನು ಬಿಟ್ಟೆ. ಕಾರ್ಡ್ ಮೇಲೆ ಕಣ್ಣಿಡುವ ಆಫ್ಟರ್‌ಬರ್ನರ್ ತಂತ್ರಾಂಶದ ಜೊತೆ ಬರುವ ರಿವಾಟ್ಯೂನರ್‌ನಲ್ಲಿ ಫ್ರೇಮ್ ಟೈಮ್ (ಒಂದೊಂದು ಫ್ರೇಮ್ ಹಿಡಿದ ಸಮಯ) ಗ್ರಾಫ್ ಮತ್ತು ಶೇಕಡಾ 1 ಲೋ ಹಾಕಿಕೊಂಡೆ. ತೀರಾ ನಿಧಾನವಾಗಿ ಬಂದ ಶೇಕಡಾ 1ರಷ್ಟು ಫ್ರೇಮ್‌ಗಳ ವೇಗ ಎಷ್ಟು ಎಫ್‌ಪಿಎಸ್ ಎಂಬ ಲೆಕ್ಕ ಅದು. ನನ್ನದರಲ್ಲಿ ಅದು 20ರ ಹತ್ತಿರ ಇತ್ತು. ಗ್ರಾಫಿನ ಗೆರೆ ಪ್ರತಿ ತಿರುವಿನಲ್ಲೂ ಮೊಳೆಯ ಹಾಗೆ ಮೇಲೆ ಚುಚ್ಚುತ್ತಿತ್ತು.

ಆಮೇಲೆ ಕಳ್ಳನನ್ನು ಹುಡುಕುವ ಕೆಲಸ. ನೆರಳನ್ನು ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದೆ. ಸರಾಸರಿ ಏರಿತು, ಮೊಳೆ ಹೋಗಲಿಲ್ಲ. ರೆಸಲ್ಯೂಷನ್ 1080ಪಿಗೆ ಇಳಿಸಿದೆ. 36.9 ಲಕ್ಷ ಪಿಕ್ಸೆಲ್ ಬರೆಯುತ್ತಿದ್ದ ಕಾರ್ಡ್ ಈಗ 20.7 ಲಕ್ಷ ಬರೆದರೆ ಸಾಕು, ಹಾಗಾಗಿ ಸರಾಸರಿ ಹಾರಿತು. ಮೊಳೆ ಅಲ್ಲೇ ಇತ್ತು. ಪ್ರೊಸೆಸರ್ ಮೇಲೆ ಅನುಮಾನ ಬಂದು ಜನಸಂದಣಿ ಕಡಿಮೆ ಮಾಡಿದೆ. ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ತೆಗೆದು ಮತ್ತೆ ಹಾಕಿದೆ. ಟೆಕ್ಸ್ಚರ್ ಅನ್ನೂ ಹೈಗೆ ಇಳಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಟೆಕ್ಸ್ಚರ್‌ದು ತಪ್ಪಿಲ್ಲ ಎಂದು ಅದನ್ನು ಮತ್ತೆ ಅಲ್ಟ್ರಾಗೆ ಏರಿಸಿ ಮುಂದೆ ಹೋದೆ.

ಎರಡು ರಾತ್ರಿ ಹಾಳಾದದ್ದು ಇಲ್ಲೇ. ಆ ಆಟದಲ್ಲಿ ಟೆಕ್ಸ್ಚರ್ ಬದಲಾಯಿಸಿದರೆ ಆಟವನ್ನು ಮುಚ್ಚಿ ಮತ್ತೆ ತೆರೆಯಬೇಕು. ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿತ್ತು. ಅಲ್ಲಿಯವರೆಗೆ ಮೆನುವಿನಲ್ಲಿ ಹೈ ಎಂದು ಕಾಣಿಸಿದರೂ ಓಡುತ್ತಿರುವುದು ಅಲ್ಟ್ರಾನೇ. ನೆರಳು, ಪ್ರತಿಬಿಂಬದಂಥವು ತಕ್ಷಣ ಬದಲಾಗುತ್ತವೆ, ಹಾಗಾಗಿ ಎಲ್ಲವೂ ಹಾಗೇ ಎಂದು ನಂಬಿದ್ದೆ. ಮುಚ್ಚಿ ತೆರೆದ ಮೇಲೆ ಅದೇ ಸಂತೆಯ ಬೀದಿಗೆ ಹೋದೆ. ಗ್ರಾಫ್ ಗೆರೆ ಎಳೆದ ಹಾಗೆ ನೇರವಾಗಿತ್ತು. ಶೇಕಡಾ 1 ಲೋ 50 ದಾಟಿತ್ತು. ಬರೆದಿಟ್ಟುಕೊಂಡಿದ್ದ ಹಳೆಯ ಅಂಕಿಗಳನ್ನೆಲ್ಲ ಅಳಿಸಿ ಮೊದಲಿನಿಂದ ಅಳೆದೆ.

ಕಾರಣ ಸರಳ. ಅಲ್ಟ್ರಾ ಟೆಕ್ಸ್ಚರ್‌ಗೆ 8 ಜಿಬಿ ಸಾಲುತ್ತಿರಲಿಲ್ಲ. ಕಾರ್ಡ್‌ನ ಸ್ವಂತ ಮೆಮೊರಿ ಸೆಕೆಂಡಿಗೆ ನೂರಾರು ಜಿಬಿ ಸಾಗಿಸುತ್ತದೆ. ಅದು ತುಂಬಿದಾಗ ಉಳಿದದ್ದು ಕಂಪ್ಯೂಟರ್‌ನ ರ್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ವಾಪಸ್ ತರುವ ದಾರಿ ಕಿರಿದು. ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ 4.0ರ 16 ಲೇನ್ ಪೂರ್ತಿ ಸಿಕ್ಕರೂ ಸೆಕೆಂಡಿಗೆ ಹೆಚ್ಚುಕಡಿಮೆ 32 ಜಿಬಿ ಮಾತ್ರ. ಹೊಸ ಬೀದಿಗೆ ತಿರುಗಿದಾಗ ಹೊಸ ಗೋಡೆ, ಹೊಸ ಅಂಗಡಿ, ಹೊಸ ಮುಖ ಎಲ್ಲ ಒಟ್ಟಿಗೆ ಬೇಕು. ಅವು ಬರುವವರೆಗೆ ಫ್ರೇಮ್ ಕಾಯುತ್ತದೆ. ಮೆಮೊರಿಯಲ್ಲಿ ಜಾಗ ಇದ್ದರೆ ಟೆಕ್ಸ್ಚರ್ ಎಷ್ಟೇ ಏರಿಸಿದರೂ ಫ್ರೇಮ್ ರೇಟ್ ಹೆಚ್ಚೇನೂ ಕುಗ್ಗುವುದಿಲ್ಲ. ಜಾಗ ಮುಗಿದ ಕ್ಷಣವೇ ಎಲ್ಲ ಕೆಡುತ್ತದೆ. ನೆರಳಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸೆಟ್ಟಿಂಗ್ ಅಲ್ಲ ಇದು.

ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2ರಂಥ ಆಟಗಳಲ್ಲಿ ಒಳಗೇ ಒಂದು ಬೆಂಚ್‌ಮಾರ್ಕ್ (ವೇಗ ಅಳೆಯುವ ಸಿದ್ಧ ಓಟ) ಇರುತ್ತದೆ. ನೆರಳು, ಮಂಜು ಹೋಲಿಸಲು ಅಂಥದ್ದು ತುಂಬಾ ಒಳ್ಳೆಯದು, ಪ್ರತಿ ಸಲವೂ ಅದೇ ದಾರಿ ತೋರಿಸುತ್ತದೆ. ಆದರೆ ಕೆಲವೇ ನಿಮಿಷದ ಓಟದಲ್ಲಿ ಮೆಮೊರಿ ತುಂಬುವ ತೊಂದರೆ ಕಾಣದೇ ಹೋಗಬಹುದು. ಇದಕ್ಕೆ ಅರ್ಧ ಗಂಟೆ ಆಡಿಯೇ ನೋಡಬೇಕು. ಮೊದಲ ಓಟದ ಅಂಕಿಯನ್ನು ನಾನು ಯಾವಾಗಲೂ ಬಿಟ್ಟುಬಿಡುತ್ತೇನೆ. ಶೇಡರ್‌ಗಳು (ಬಣ್ಣ, ಬೆಳಕು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳು) ಆಗಷ್ಟೇ ತಯಾರಾಗುತ್ತಿದ್ದರೆ ಆಗಲೂ ಆಟ ತಡವರಿಸುತ್ತದೆ, ಎರಡನೇ ಸಲಕ್ಕೆ ಅದು ಇರುವುದಿಲ್ಲ.

ಇಷ್ಟೆಲ್ಲ ಮಾಡಿ ಅಲ್ಟ್ರಾ ಟೆಕ್ಸ್ಚರ್ ಕೊಟ್ಟದ್ದೇನು? ಗೋಡೆಗೆ ಮೂಗು ತಾಗಿಸಿ ನಿಂತು ಹೈ ಜೊತೆ ಹೋಲಿಸಿದೆ. ನನಗೆ ವ್ಯತ್ಯಾಸ ಸಿಗಲಿಲ್ಲ. ಕೆಲವು ಆಟಗಳಲ್ಲಿ ಆ ಮೆಟ್ಟಿಲು ಚಿತ್ರವನ್ನೇ ಬದಲಿಸುವುದಿಲ್ಲ, ಎಷ್ಟು ಟೆಕ್ಸ್ಚರ್ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನಷ್ಟೇ ಹೆಚ್ಚಿಸುತ್ತದೆ.

ಇನ್ನು ಅಪ್‌ಸ್ಕೇಲಿಂಗ್. ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬರೆದು ದೊಡ್ಡದು ಮಾಡಿ ತೋರಿಸುವ ವಿಧಾನ. ಎನ್ವಿಡಿಯಾ ಕಂಪನಿಯ ಅಪ್‌ಸ್ಕೇಲಿಂಗ್ ಆದ ಡಿಎಲ್‌ಎಸ್‌ಎಸ್‌ಗೆ ಅದೇ ಕಂಪನಿಯ ಆರ್‌ಟಿಎಕ್ಸ್ ಕಾರ್ಡೇ ಬೇಕು. ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್ ಬೇರೆ ಕಂಪನಿಯ ಕಾರ್ಡ್‌ಗಳಲ್ಲೂ ನಡೆಯಿತು. 1440ಪಿ ಮಾನಿಟರ್‌ನಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಆಟ ಒಳಗೆ 960 ಸಾಲುಗಳಲ್ಲಿ ಮಾತ್ರ ಚಿತ್ರ ಬರೆಯುತ್ತದೆ. ಅಂದರೆ ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆ. ಫ್ರೇಮ್ ರೇಟ್ ನಿಜವಾಗಿಯೂ ಏರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಿಂತು ನೋಡಿದರೆ ಚಿತ್ರವೂ ಚೆನ್ನಾಗಿದೆ.

ಓಡಲು ಶುರು ಮಾಡಿದಾಗ ನನಗೆ ಇಷ್ಟವಾಗಲಿಲ್ಲ. ತಂತಿ ಬೇಲಿ, ದೂರದ ವಿದ್ಯುತ್ ತಂತಿ, ಕೂದಲು, ಇಂಥ ಸಣ್ಣ ಗೆರೆಗಳು ಮಿಣಮಿಣ ಅನ್ನುತ್ತವೆ. ಹಾರುವ ಹಕ್ಕಿಯ ಹಿಂದೆ ಮಸುಕು ಬಾಲ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮತ್ತೆ ಅದೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನನ್ನ ಮೊಳೆಗೆ ಇದರಿಂದ ಪರಿಹಾರ ಸಿಗಲಿಲ್ಲ. ಪಿಕ್ಸೆಲ್ ಕಡಿಮೆಯಾದರೂ ಟೆಕ್ಸ್ಚರ್ ಹಿಡಿದ ಜಾಗ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಜನ ತುಂಬಿದ ಸಂತೆಯಲ್ಲಿ ಪ್ರೊಸೆಸರೇ ಹಿಂದೆ ಬಿದ್ದಾಗಲೂ ಇದರಿಂದ ಉಪಯೋಗ ಇಲ್ಲ, ಕಾರ್ಡ್ ಸುಮ್ನೆ ಕಾಯುತ್ತಾ ಕೂತಿರುತ್ತದೆ.

ಫ್ರೇಮ್ ಜನರೇಷನ್ (ನಡುನಡುವೆ ಊಹಿಸಿ ಬರೆದ ಫ್ರೇಮ್ ಸೇರಿಸುವುದು) ಅನ್ನೂ ಹಾಕಿ ನೋಡಿದೆ. ಅಂಕಿ ಏರಿತು, ಮೌಸ್ ಭಾರವಾಯಿತು, ತೆಗೆದೆ. ರೇ ಟ್ರೇಸಿಂಗ್‌ನಲ್ಲಿ ಮಳೆ ನಿಂತ ಮೇಲಿನ ರಸ್ತೆ ಬಹಳ ಚೆಂದ ಕಾಣುತ್ತದೆ. ಆದರೆ ಫ್ರೇಮ್ ರೇಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಫೋಟೋ ಮೋಡ್‌ನಲ್ಲಿ ಮಾತ್ರ ಹಾಕುತ್ತೇನೆ.

ಕೈಯಾರೆ ಹೊಂದಿಸುವುದು ಕಷ್ಟದ ಕೆಲಸ ಅಲ್ಲ. ಒಂದು ಜಾಗದಲ್ಲಿ ಸೇವ್ ಮಾಡಿಕೊಳ್ಳಿ. ಅದೇ ದಾರಿಯಲ್ಲಿ ಒಂದು ನಿಮಿಷ ನಡೆಯಿರಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಆಟದೊಳಗಿನ ಹೊತ್ತು ಬದಲಾಗದಂತೆ ನೋಡಿಕೊಳ್ಳಿ, ಸಂಜೆಯ ಉದ್ದ ನೆರಳಿಗೂ ಮಧ್ಯಾಹ್ನದ ನೆರಳಿಗೂ ಅಂಕಿ ಬೇರೆ ಬರಬಹುದು. ನನಗೆ ಅತಿ ಜಾಸ್ತಿ ಲಾಭ ಕೊಟ್ಟದ್ದು ಎರಡೇ: ನೆರಳು, ಮತ್ತು ವಾಲ್ಯೂಮೆಟ್ರಿಕ್ ಎಂದು ಬರೆದಿರುವ ಮಂಜು-ಮೋಡ. ಎರಡನ್ನೂ ಮೀಡಿಯಂಗೆ ಇಳಿಸಿದರೆ ಆಡುವಾಗ ಕೊರತೆ ಕಾಣಲಿಲ್ಲ. ಅನಿಸೊಟ್ರಾಪಿಕ್ ಫಿಲ್ಟರಿಂಗ್ 16ರಲ್ಲೇ ಇರಲಿ, ಈಗಿನ ಕಾರ್ಡ್‌ಗಳಿಗೆ ಅದು ಭಾರವೇ ಅಲ್ಲ, ದೂರದ ರಸ್ತೆ ಸ್ಪಷ್ಟವಾಗಿ ಕಾಣುತ್ತದೆ. ಮೋಷನ್ ಬ್ಲರ್ (ಚಲಿಸುವಾಗ ಬರುವ ಮಸುಕು) ನಿಮ್ಮ ರುಚಿ.

ಕೊನೆಗೆ 72ರ ಲಾಕ್. ಲಾಕ್ ಇಲ್ಲದೆ ಬಿಟ್ಟರೆ ಖಾಲಿ ಬಯಲಿನಲ್ಲಿ 95, ಸಂತೆಯಲ್ಲಿ 75 ಹೀಗೆ ಏರಿಳಿಯುತ್ತದೆ. 144ರ ಸರಿ ಅರ್ಧ 72. ಪ್ರತಿ ಫ್ರೇಮ್ ಮಾನಿಟರ್‌ನ ಎರಡು ರಿಫ್ರೆಶ್‌ವರೆಗೆ ನಿಲ್ಲುತ್ತದೆ, 13.9 ಮಿಲಿಸೆಕೆಂಡಿಗೆ ಒಂದರಂತೆ, ಎಲ್ಲಿ ಹೋದರೂ ಅದೇ ತಾಳ. ಕಾರ್ಡ್ ಪೂರ್ತಿ ದುಡಿಯುವುದಿಲ್ಲ, ಬಿಸಿ ಕಡಿಮೆ, ಫ್ಯಾನ್ ಸದ್ದು ಇಳಿಯುತ್ತದೆ. ಅಲ್ಟ್ರಾದಲ್ಲಿ ಆಡುವಾಗ ಪಕ್ಕದ ಕೋಣೆಯ ಬಾಗಿಲು ಹಾಕಬೇಕಾಗಿತ್ತು. ಈಗ ಬಾಗಿಲು ತೆರೆದೇ ಇರುತ್ತದೆ. ನನಗೆ ಇದೊಂದೇ ಸಾಕಿತ್ತು.

ಎಲ್ಲರಿಗೂ ಇದೇ ಸರಿ ಎನ್ನುವುದಿಲ್ಲ. ಸ್ಪರ್ಧೆಯ ಶೂಟಿಂಗ್ ಆಟ ಆಡುವವರು 72ಕ್ಕೆ ಲಾಕ್ ಮಾಡಬೇಡಿ, ಎಲ್ಲವನ್ನೂ ಲೋಗೆ ಇಳಿಸಿ 144ರ ಹತ್ತಿರ ಹೋಗಿ. 16 ಜಿಬಿ ಕಾರ್ಡ್ ಇದ್ದವರು ಟೆಕ್ಸ್ಚರ್ ಅಲ್ಟ್ರಾದಲ್ಲೇ ಇಟ್ಟುಕೊಳ್ಳಿ. 4ಕೆ ಪರದೆಯಲ್ಲಿ 82.9 ಲಕ್ಷ ಪಿಕ್ಸೆಲ್, ಅಲ್ಲಿ ಅಪ್‌ಸ್ಕೇಲಿಂಗ್ ಬೇಕೇ ಬೇಕು. 1080ಪಿಯಲ್ಲಿ ನಾನು ಹಾಕುವುದಿಲ್ಲ, ಕ್ವಾಲಿಟಿ ಮೋಡ್‌ನಲ್ಲೂ ಒಳಗೆ ಬರೆಯುವುದು 720ಪಿ ಮಾತ್ರ.

ನನ್ನ ಬಜೆಟ್‌ನಲ್ಲಿ ಈ ಕಾರ್ಡ್ ಇನ್ನೂ ನಾಲ್ಕು ವರ್ಷ ಬಾಳಬೇಕು. ಮುಂದೆ ಬರುವ ಆಟಗಳಲ್ಲಿ 72 ಮುಟ್ಟದಿದ್ದರೆ ಮೊದಲು ನೆರಳನ್ನು ಲೋಗೆ ಇಳಿಸುತ್ತೇನೆ. ಅದೂ ಸಾಲದಿದ್ದರೆ ಬೇಲಿ ಮಿಣುಗಿದರೂ ಪರವಾಗಿಲ್ಲ ಎಂದು ಅಪ್‌ಸ್ಕೇಲಿಂಗ್‌ನ ಕ್ವಾಲಿಟಿ ಮೋಡ್ ಹಾಕುತ್ತೇನೆ. ಟೆಕ್ಸ್ಚರ್ ಮುಟ್ಟಿದ ದಿನ ಮಾತ್ರ ಆಟವನ್ನು ಮುಚ್ಚಿ, ತೆರೆದು, ಆಮೇಲೇ ಅಳೆಯುತ್ತೇನೆ.