ಬೇವಿನ ಎಲೆ, ಬೆಳ್ಳಿ ಕಣ: ರಾಜಾಜಿನಗರದಲ್ಲಿ ಒಂದು ಭಾನುವಾರ

ನಾನು ಹೈಸ್ಕೂಲ್ ವಿಜ್ಞಾನದ ಟೀಚರ್. ಓದಿದ್ದು ಬಯಾಲಜಿ. ಹೋದ ವರ್ಷ ವಿಜ್ಞಾನ ಮೇಳಕ್ಕೆ ಮಕ್ಕಳು ಎಲೆ ಕಷಾಯದಿಂದ ಬೆಳ್ಳಿ ನ್ಯಾನೊ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಚೂರು) ಮಾಡಲು ಹೊರಟರು. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ ಹಾಕಿದ ತಕ್ಷಣ ನೀರು ಹಾಲಿನಂತಾಯಿತು, ಅಲ್ಲಿಗೇ ನಿಂತಿತು. ಯಾಕೆಂದು ತಿಳಿಯಲೆಂದೇ ರಾಜಾಜಿನಗರದ ಒಂದು ಸಣ್ಣ ಲ್ಯಾಬ್‌ನವರ ಕಾರ್ಯಾಗಾರಕ್ಕೆ ಸೇರಿದೆ. ಫೀಸು 1200 ರೂಪಾಯಿ, ಊಟ ಅವರದ್ದೇ.

ಕೇಳಿದ ಕೂಡಲೇ ಹೇಳಿಕೊಟ್ಟ ಹುಡುಗ, "ಮೇಡಂ, ನಲ್ಲಿ ನೀರು ಹಾಕಿದ್ರಾ?" ಅಂದ. ಒಂದು ಬೀಕರ್‌ಗೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್ ಹಿಡಿದು, ಎರಡಕ್ಕೂ ಸಿಲ್ವರ್ ನೈಟ್ರೇಟ್ ಬಿಟ್ಟು ತೋರಿಸಿದ. ಮೊದಲನೆಯದು ಬೆಳ್ಳಗಾಯಿತು. ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡುಬಿಡುತ್ತದೆ. ನನಗಂತೂ ಫೀಸು ಅಲ್ಲೇ ವಸೂಲಾಯಿತು.

ಎಲೆ ನಾವೇ ಒಯ್ಯಬೇಕಿತ್ತು. ಮನೆ ಮುಂದಿನ ಬೇವಿನ ಮರದ್ದು 10 ಗ್ರಾಂ, ಚೆನ್ನಾಗಿ ತೊಳೆದು, 100 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ ಕುದಿಸಿ ಸೋಸಿದೆ. ಸಿಲ್ವರ್ ನೈಟ್ರೇಟ್ ಬೇರೆ 100 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಬರೀ 17 ಮಿಲಿಗ್ರಾಂ. ಅದಕ್ಕೆ ಕಷಾಯ ಹನಿಹನಿಯಾಗಿ ಬಿಟ್ಟು ಕಿಟಕಿಯ ಬಿಸಿಲಿಗಿಟ್ಟೆವು. ಮೊದಲು ತಿಳಿ ಹಳದಿ, ಆಮೇಲೆ ಟೀ ಬಣ್ಣ, ಕೊನೆಗೆ ಕಾಫಿ ಡಿಕಾಕ್ಷನ್. ಲೇಸರ್ ಪಾಯಿಂಟರ್ ಹಿಡಿದರೆ ಒಳಗೆ ಕೆಂಪು ಗೆರೆ ನೇರವಾಗಿ ಕಾಣಿಸಿತು, ಕಣಗಳು ಬೆಳಕನ್ನು ಚದುರಿಸುವುದರಿಂದ. ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಬೆಳ್ಳಿ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಬೆಳ್ಳಿ ಲೋಹವಾಗಿಸುತ್ತವೆ. ಆಮೇಲೆ ಎಲೆಯ ಅಂಶಗಳೇ ಕಣದ ಸುತ್ತ ಕೂತು, ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಇದೇ ಕೆಲಸಕ್ಕೆ ಲ್ಯಾಬ್‌ಗಳಲ್ಲಿ ಬಳಸುವ ಸೋಡಿಯಂ ಬೋರೋಹೈಡ್ರೈಡ್‌ನಂಥ ಕೆಮಿಕಲ್ ಬೇಕಾಗುವುದಿಲ್ಲ. ಬೇವು ಮಾಡುವ ಕೆಲಸ ನೋಡಿ!

ಗ್ಲೌಸ್ ಕೊಟ್ಟಿದ್ದರು, ಒಳ್ಳೆಯದಾಯಿತು. ತೆಗೆದಿಟ್ಟು ಕೆಲಸ ಮಾಡಿದ ಒಬ್ಬರ ಬೆರಳು ಸಂಜೆಗೆ ಕಪ್ಪಾಗಿತ್ತು.

ಒಂದು ವಿಷಯ ಮಾತ್ರ ನನಗೆ ಸರಿಬರಲಿಲ್ಲ. ಮುಗಿದ ಮೇಲೆ ಎಲ್ಲರ ಬೀಕರನ್ನೂ ಸಿಂಕ್‌ಗೆ ಸುರಿದರು. "ಸ್ವಲ್ಪ ತಾನೇ ಮೇಡಂ" ಅಂದರು. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಬೆಳಗ್ಗೆ ತಾವೇ ಹೇಳಿದ್ದರು. ಅದೇ ಬೆಳ್ಳಿ ಮೀನಿಗೂ ವಿಷ. ಈ ಕಡೆಯ ಚರಂಡಿ ಇಳಿಯುವುದು ವೃಷಭಾವತಿಗೆ, ಆ ನದಿಗೆ ಈಗಾಗಲೇ ಆಗಿರುವುದು ಸಾಲದಾ? ಪರಿಸರಸ್ನೇಹಿ ಅಂತ ಬೋರ್ಡ್ ಹಾಕಿದ ಮೇಲೆ ಒಂದು ಕ್ಯಾನ್ ಇಟ್ಟು ಉಳಿದದ್ದನ್ನು ಕೂಡಿಡಬೇಕು, ಲ್ಯಾಬ್ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ಫೀಡ್‌ಬ್ಯಾಕ್ ಹಾಳೆಯಲ್ಲೂ ಇದನ್ನೇ ಬರೆದು ಬಂದೆ.

ಆದರೂ ಟೀಚರ್‌ಗಳು ಖಂಡಿತ ಹೋಗಿ. ನನ್ನ ಬೀಕರಿನದನ್ನು ಮಾತ್ರ ಸುರಿಯಲು ಬಿಡದೆ ಬಾಟಲಿಗೆ ತುಂಬಿಸಿ ತಂದೆ. ಫಾಯಿಲ್ ಸುತ್ತಿ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟಿದ್ದೇನೆ. ಮೂರು ವಾರವಾಯಿತು, ತಳದಲ್ಲಿ ಇನ್ನೂ ಏನೂ ಕೂತಿಲ್ಲ.